ಹೊಸ್ತಿಲಲ್ಲಿ ನಿಂತ ದಾದಿ

'ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಯಾವ ವಿದ್ಯೆಯಾದರೂ ಅಭ್ಯಾಸಬಲದಿಂದಲೇ ಕೈಗೂಡುತ್ತದೆ ಎಂಬುದು ಅದರ ತಾತ್ಪರ್ಯ. ಸಂಗೀತ ಕಲಿಯುವವನು ಅಪಸ್ವರ ನುಡಿಸಿದರೆ ನೆರೆಮನೆಯವರ ಕಿವಿಗಷ್ಟೇ ತೊಂದರೆ. ಆದರೆ ಕಲಿಯುವವಳು ದಾದಿಯಾದರೆ? ಆಗ ಹಾಡುವವಳು ಒಬ್ಬಳು, ನರಳುವವನು ಇನ್ನೊಬ್ಬ. ರೋಗಿಯ ಮೈಮುಟ್ಟದೆ ಶುಶ್ರೂಷೆಯನ್ನು ಕಲಿಯುವುದು ಸಾಧ್ಯವಿಲ್ಲ. ಕಲಿಯದೆ ರೋಗಿಯ ಮೈಮುಟ್ಟುವುದು ತರವಲ್ಲ. ಈ ಇಕ್ಕಟ್ಟಿನಿಂದ ಪಾರಾಗುವ ಬಗೆ ಯಾವುದು? ಕಳೆದ ಒಂದೂಮುಕ್ಕಾಲು ಶತಮಾನದ ಶುಶ್ರೂಷಾ ಶಿಕ್ಷಣದ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಗೆ ಹುಡುಕಿದ ಉತ್ತರ ಎಂದರೂ ಸಲ್ಲುತ್ತದೆ.

ಇಂದು ಅಮೆರಿಕದಲ್ಲಿ ಈ ಪ್ರಶ್ನೆಗೆ ದೊರೆತಿರುವ ಉತ್ತರಗಳಲ್ಲಿ 'ಎಕ್ಸ್‌ಟರ್ನ್‌ಷಿಪ್' ಎಂಬುದು ಒಂದು. ನರ್ಸಿಂಗ್ ಕಾಲೇಜಿನ ಓದನ್ನು ಬಹುಮಟ್ಟಿಗೆ ಮುಗಿಸಿ, ಕೊನೆಯ ವರ್ಷಕ್ಕೆ ಕಾಲಿಡುವ ವಿದ್ಯಾರ್ಥಿನಿ ಬೇಸಗೆಯ ರಜೆಯಲ್ಲಿ ಕೆಲವು ವಾರ ಆಸ್ಪತ್ರೆಯೊಂದರಲ್ಲಿ ಅನುಭವಸ್ಥ ದಾದಿಯೊಬ್ಬಳ ಬೆನ್ನಿಗೇ ನಿಂತು ಕೆಲಸ ಮಾಡುತ್ತಾಳೆ. ಸಾಮಾನ್ಯವಾಗಿ ಗಂಟೆಯ ಲೆಕ್ಕದಲ್ಲಿ ಸಂಬಳವನ್ನೂ ಪಡೆಯುತ್ತಾಳೆ. ಅವಳಿಗೆ ಇನ್ನೂ ಪರವಾನಗಿ ಇಲ್ಲವಾದ್ದರಿಂದ ಏನನ್ನು ಮಾಡಬಹುದು, ಏನನ್ನು ಮಾಡಕೂಡದು ಎಂಬ ಗೆರೆಯನ್ನು ಆಯಾ ರಾಜ್ಯದ ಕಾನೂನು ಮತ್ತು ಆಯಾ ಆಸ್ಪತ್ರೆಯ ಕಟ್ಟಳೆ ಎಳೆದಿರುತ್ತವೆ. ಈ ಅವಕಾಶಕ್ಕಾಗಿ ಪೈಪೋಟಿ ಹೆಚ್ಚು. ಅಂಕಪಟ್ಟಿ, ಅಧ್ಯಾಪಕರ ಶಿಫಾರಸು ಪತ್ರ, ಹೃದಯ ನಿಂತವನಿಗೆ ತುರ್ತು ಚಿಕಿತ್ಸೆ ನೀಡಬಲ್ಲಳೆಂಬ ಪ್ರಮಾಣಪತ್ರ, 'ನಾನೇಕೆ ದಾದಿಯಾಗಬೇಕು' ಎಂಬಂಥ ಒಂದು ಪುಟ್ಟ ಪ್ರಬಂಧ, ಕೊನೆಗೆ ಸಂದರ್ಶನ - ಇಷ್ಟನ್ನೂ ಅವಳು ದಾಟಬೇಕು. ನರ್ಸಿಂಗ್ ಕಾಲೇಜಿಗೆ ಸೇರುವಾಗಲೂ ಅಷ್ಟೆ: ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರಗಳನ್ನು ಮೊದಲೇ ಓದಿರಬೇಕೆಂದು ಅಲ್ಲಿನ ಎಷ್ಟೋ ಕಾಲೇಜುಗಳು ಕೇಳುತ್ತವೆ.

ಬಾಗಿಲಲ್ಲಿ ನಿಂತ ಹುಡುಗಿಯನ್ನು ಇಷ್ಟೊಂದು ಪ್ರಶ್ನೆ ಕೇಳುವ ಈ ಪದ್ಧತಿ ಬಂದದ್ದು ಹೇಗೆ? ಆ ಪ್ರಶ್ನೆಗಳು ಕಾಲಕಾಲಕ್ಕೆ ಹೇಗೆ ಬದಲಾದವು? ಈ ಹೊತ್ತು ನಾನು ಹೇಳಬೇಕೆಂದಿರುವುದು ಈ ಕಥೆಯನ್ನು.

ಏನನ್ನೂ ಕೇಳದೆ ಬಾಗಿಲು ತೆರೆಯುತ್ತಿದ್ದ ಕಾಲವೂ ಒಂದಿತ್ತು. ಚಾರ್ಲ್ಸ್ ಡಿಕನ್ಸನ 'ಮಾರ್ಟಿನ್ ಚಜಲ್‌ವಿಟ್' ಕಾದಂಬರಿಯನ್ನು ಓದಿದವರಿಗೆ ಸೇರಿ ಗ್ಯಾಂಪ್ ಎಂಬ ಮುದುಕಿಯ ನೆನಪಿರಬಹುದು. 1843-44ರಲ್ಲಿ ಕಂತುಕಂತಾಗಿ ಹೊರಬಂದ ಆ ಕೃತಿಯಲ್ಲಿ ಆಕೆ ಬಾಣಂತಿಯರ ಆರೈಕೆಗೂ ಹೋಗುತ್ತಾಳೆ, ಹೆಣ ತೊಳೆದು ಸಿಂಗರಿಸುವುದಕ್ಕೂ ಹೋಗುತ್ತಾಳೆ. ಕೈಯಲ್ಲೊಂದು ಹಳೆಯ ಕೊಡೆ, ಬಾಯಲ್ಲಿ ಹೆಂಡದ ವಾಸನೆ, ರೋಗಿಯ ತಲೆದಿಂಬಿನ ಮೇಲೂ ಕಣ್ಣು. ಇದು ವ್ಯಂಗ್ಯಚಿತ್ರ ಎನ್ನುವುದು ನಿಜ. ಆ ಕಾಲದ ದಾದಿಯರಲ್ಲಿ ಅನುಭವದಿಂದಲೇ ಪಳಗಿದ ಕರುಣಾಳುಗಳೂ ಇದ್ದರು. ಒಬ್ಬ ಹಾಸ್ಯಗಾರನ ಲೇಖನಿಗೆ ಸಿಕ್ಕಿ ಅವರೆಲ್ಲರ ಹೆಸರೂ ಕೆಟ್ಟಿತು. ಆದರೆ ಡಿಕನ್ಸ್ ಬೆರಳಿಟ್ಟು ತೋರಿದ ಮೂಲ ಸಂಗತಿ ಸುಳ್ಳಲ್ಲ. ಬೇರೆ ಉದ್ಯೋಗ ಸಿಕ್ಕದ ಬಡ ಹೆಂಗಸಿಗೆ ಉಳಿದ ದಾರಿಗಳಲ್ಲಿ ಅದೊಂದು. ಅದಕ್ಕೆ ಕಲಿಯಬೇಕಾದದ್ದೇನಾದರೂ ಇದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಅಂಥ ಕಾಲದಲ್ಲಿ ಸಿರಿವಂತರ ಮನೆಯ ಮಗಳೊಬ್ಬಳು ಆಸ್ಪತ್ರೆಗೆ ಹೋಗಿ ಕಲಿಯುತ್ತೇನೆಂದರೆ ಮನೆಯವರಿಗೆ ಏನನ್ನಿಸಿರಬೇಕು! ಫ್ಲಾರೆನ್ಸ್ ನೈಟಿಂಗೇಲಳ ಮೊದಲ ಅರ್ಜಿ ತನ್ನ ತಂದೆತಾಯಿಗಳ ಮುಂದೆಯೇ. 1845ರಲ್ಲಿ ಆಕೆ ಸಮೀಪದ ಸಾಲ್ಸ್‌ಬರಿ ಆಸ್ಪತ್ರೆಯಲ್ಲಿ ಕಲಿಯಲು ಅನುಮತಿ ಬೇಡಿದಳು, ಮನೆಯವರು ನಿರಾಕರಿಸಿದರು. ಆರು ವರ್ಷಗಳ ತರುವಾಯ, 1851ರಲ್ಲಿ, ಆಕೆ ಜರ್ಮನಿಯ ಕೈಸರ್ಸ್‌ವೆರ್ತ್ ಎಂಬಲ್ಲಿಗೆ ಹೋಗಿ ಸುಮಾರು ಮೂರು ತಿಂಗಳು ನಿಂತಳು. ರೈನ್ ನದಿಯ ದಡದ ಆ ಊರಿನಲ್ಲಿ ಥಿಯೋಡೋರ್ ಫ್ಲೀಡ್ನರ್ ಎಂಬ ಪಾದ್ರಿ 1836ರಲ್ಲೇ ಸ್ತ್ರೀಯರಿಗೆ ಶುಶ್ರೂಷೆಯನ್ನು ಕಲಿಸುವ ಸಂಸ್ಥೆಯೊಂದನ್ನು ತೆರೆದಿದ್ದನು. ಕೈಸರ್ಸ್‌ವೆರ್ತ್‌ಗೆ ಹೋದಾಗ ನೈಟಿಂಗೇಲಳ ವಯಸ್ಸು ಮೂವತ್ತೊಂದು. ಅಂದಿನ ಸಮಾಜದ ಎಣಿಕೆಯಲ್ಲಿ ಮದುವೆಯ ವಯಸ್ಸೂ ಮೀರಿದ ಮೇಲೆ ಆಕೆಗೆ ಕಲಿಕೆಯ ಬಾಗಿಲು ತೆರೆಯಿತು.

ಕ್ರಿಮಿಯಾದ ಯುದ್ಧದಲ್ಲಿ 1854ರಿಂದ ಆಕೆ ಮಾಡಿದ ಸೇವೆ ಲೋಕಪ್ರಸಿದ್ಧ. ಅದನ್ನು ನಾನಿಲ್ಲಿ ಬೆಳೆಸುವುದಿಲ್ಲ. ದೀಪ ಹಿಡಿದ ದೇವಿಯ ಚಿತ್ರ ನಮ್ಮ ಶಾಲಾ ಪಾಠಗಳಲ್ಲೆಲ್ಲ ಇದೆ. ಆ ದೀಪದ ಬೆಳಕಿನಲ್ಲಿ ಮರೆಯಾದದ್ದು ಆಕೆ ಮುಂದೆ ಕಟ್ಟಿದ ಶಾಲೆ. ಕೃತಜ್ಞ ಜನತೆ ಆಕೆಯ ಹೆಸರಿನಲ್ಲಿ ಕೂಡಿಸಿದ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ಶಾಲೆ ಆರಂಭವಾಯಿತು. ಮೊದಲ ತಂಡಕ್ಕೆ ಆಯ್ಕೆಯಾದವರು ಹದಿನೈದು ಮಂದಿ. ಅವರನ್ನು 'ಪ್ರೊಬೇಷನರ್' ಎಂದು ಕರೆದರು. ನಮ್ಮ ಹಳೆಯ ಕಚೇರಿಗಳ ಮಾತಿನಲ್ಲಿ ಹೇಳುವುದಾದರೆ ಉಮೇದುವಾರರು.

ಆ ಉಮೇದುವಾರರನ್ನು ಬಾಗಿಲಲ್ಲಿ ಕೇಳಿದ ಪ್ರಶ್ನೆಗಳೇನು? ವಯಸ್ಸು ಇಪ್ಪತ್ತೈದರಿಂದ ಮೂವತ್ತೈದರ ಒಳಗಿರಬೇಕು. ಆರೋಗ್ಯ ಚೆನ್ನಾಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಸನ್ನಡತೆಯ ಬಗ್ಗೆ ಪ್ರಮಾಣಪತ್ರ ತರಬೇಕು. ಊಟ, ವಸತಿ ಉಚಿತ. ಮೇಲೆ ವರ್ಷಕ್ಕೆ ಹತ್ತು ಪೌಂಡು. ಒಂದು ವರ್ಷದ ಕಲಿಕೆಯ ನಂತರ, ನಿಧಿಯವರು ಹೇಳಿದ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿಯಬೇಕು. ಮೇಟ್ರನ್ ವಾರ್ಡ್ರೋಪರ್ ಪ್ರತಿಯೊಬ್ಬಳ ಬಗ್ಗೆಯೂ ತಿಂಗಳು ತಿಂಗಳೂ ವಿವರ ಬರೆದಿಡುತ್ತಿದ್ದಳು. ಅದರಲ್ಲಿ ಎರಡು ಭಾಗ. ಒಂದು ನಡತೆಯದು: ಹೊತ್ತಿಗೆ ಸರಿಯಾಗಿ ಬರುವುದು, ಮೌನ, ವಿಶ್ವಾಸಾರ್ಹತೆ, ಶುಚಿ. ಇನ್ನೊಂದು ಕೈಗೆಲಸದ್ದು: ಗಾಯ ಕಟ್ಟುವುದು, ಹಾಸಿಗೆ ಹಾಸುವುದು, ಜಿಗಣೆ ಹಚ್ಚುವುದು ಇತ್ಯಾದಿ. ಸೇರಿ ಗ್ಯಾಂಪಳ ನೆನಪು ಇನ್ನೂ ಹಸಿಯಾಗಿದ್ದ ನಾಡಿನಲ್ಲಿ ನಡತೆಗೆ ಮೊದಲ ಸ್ಥಾನ ಸಿಕ್ಕಿದ್ದು ಆಶ್ಚರ್ಯವಲ್ಲ.

ಆದರೆ ಹುಡುಗಿಯನ್ನು ಇಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಿದ ಶಾಲೆ ತನ್ನನ್ನು ತಾನು ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಿಕೊಳ್ಳಲಿಲ್ಲ. ಹತ್ತು ಹನ್ನೆರಡು ವರ್ಷಗಳ ಮೇಲೆ ನೈಟಿಂಗೇಲ್ ವಿಚಾರಿಸಿದಾಗ, ಪಾಠ ಹೇಳಬೇಕಾಗಿದ್ದ ವೈದ್ಯಾಧಿಕಾರಿ ಪಾಠಗಳನ್ನು ಕಡೆಗಣಿಸಿದ್ದನೆಂದು ತಿಳಿದುಬಂತು. ವಿದ್ಯಾರ್ಥಿನಿಯರು ವಾರ್ಡಿನ ಚಾಕರಿಯಲ್ಲೇ ಸವೆಯುತ್ತಿದ್ದರು. ಬಳಿಕ ಜಾನ್ ಕ್ರಾಫ್ಟ್ ಎಂಬ ಶಸ್ತ್ರವೈದ್ಯನು ಪಾಠಗಳನ್ನು ವಹಿಸಿಕೊಂಡು ವ್ಯವಸ್ಥೆ ಮಾಡಿದನು. ಜಗತ್ತಿಗೆ ಮೇಲ್ಪಂಕ್ತಿ ಎನಿಸಿದ ಶಾಲೆಯಲ್ಲೇ ಹೀಗಾದರೆ ಉಳಿದೆಡೆ ಹೇಗಿದ್ದೀತು?

ಈ ಮಾತು ಬಂದಾಗಲೆಲ್ಲ ನನಗೆ ಮಹಾಭಾರತದ ಆರುಣಿಯ ಕಥೆ ನೆನಪಾಗುತ್ತದೆ. ಧೌಮ್ಯರ ಶಿಷ್ಯ ಆರುಣಿ ಗದ್ದೆಯ ಬದು ಒಡೆದಾಗ ನೀರನ್ನು ತಡೆಯಲು ತಾನೇ ಅಡ್ಡ ಮಲಗಿದನು. ಅವನು ಶಿಷ್ಯನೋ ಆಳೋ? ಕಥೆಯ ಕೊನೆಯಲ್ಲಿ ಗುರು ಅವನಿಗೆ ವೇದಗಳೆಲ್ಲವೂ ಹೊಳೆಯಲೆಂದು ಹರಸುತ್ತಾನೆ. ಆದ್ದರಿಂದ ಅವನು ಶಿಷ್ಯ. ಗುರು ಗದ್ದೆಯ ಕೆಲಸವನ್ನಷ್ಟೇ ಮಾಡಿಸಿಕೊಂಡು ವಿದ್ಯೆಯನ್ನು ಕೊಡದೆ ಕಳುಹಿಸಿದ್ದರೆ ಅದಕ್ಕೆ ಗುರುಸೇವೆ ಎಂಬ ಹೆಸರು ಒಪ್ಪುತ್ತಿರಲಿಲ್ಲ. ಜೀತವೆಂಬ ಹೆಸರೇ ಒಪ್ಪುತ್ತಿತ್ತು. ಕಲಿಕೆಗೂ ದುಡಿಮೆಗೂ ನಡುವಿನ ಗೆರೆ ಇಷ್ಟು ತೆಳುವಾದದ್ದು. ಆ ಗೆರೆ ಅಳಿಸಿಹೋದದ್ದನ್ನು ಕಾಣಲು ನಾವೀಗ ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕಕ್ಕೆ ಹೋಗಬೇಕು.

ಅಲ್ಲಿ ಅಂತರ್ಯುದ್ಧ ನಡೆದ 1861ರಿಂದ 1865ರವರೆಗಿನ ಕಾಲದಲ್ಲಿ ದಾದಿಯರ ಶಾಲೆಗಳಿರಲಿಲ್ಲ. ಸೈನ್ಯದ ದಾದಿಯರ ಮೇಲ್ವಿಚಾರಣೆ ವಹಿಸಿದ್ದ ಡೊರೊಥಿಯಾ ಡಿಕ್ಸ್ ಅರ್ಜಿದಾರರಿಗೆ ಹಾಕಿದ ಷರತ್ತುಗಳು ಸ್ವಾರಸ್ಯವಾಗಿವೆ. ವಯಸ್ಸು ಮೂವತ್ತು ದಾಟಿರಬೇಕು, ರೂಪ ಸಾಧಾರಣವಾಗಿರಬೇಕು, ಉಡುಪು ಕಂದು ಇಲ್ಲವೆ ಕಪ್ಪು, ಒಡವೆ, ರಿಬ್ಬನ್ನಿನ ಗಂಟು, ಗುಂಗುರುಗೂದಲು ಕೂಡದು. ಗಾಯ ತೊಳೆಯಲು ಬರುತ್ತದೆಯೆ ಎಂಬುದಕ್ಕಿಂತ ಸೈನಿಕರ ಕಣ್ಣು ಕುಕ್ಕದಿರುವಳೆ ಎಂಬ ಚಿಂತೆಯೇ ಹೆಚ್ಚು. ಮುಂದೆ 'ಲಿಟಲ್ ವಿಮೆನ್' ಬರೆದು ಹೆಸರಾದ ಲೂಯಿಸಾ ಮೇ ಆಲ್ಕಾಟ್ ತನಗೆ ಮೂವತ್ತು ತುಂಬಿದ ಮರುತಿಂಗಳೇ, 1862ರ ಡಿಸೆಂಬರಿನಲ್ಲಿ, ವಾಷಿಂಗ್ಟನ್ ಬಳಿಯ ಜಾರ್ಜ್‌ಟೌನಿನ ಸೈನಿಕ ಆಸ್ಪತ್ರೆಗೆ ದಾದಿಯಾಗಿ ಹೋದಳು. ಕೆಲವೇ ದಿನಗಳಲ್ಲಿ ಫ್ರೆಡರಿಕ್ಸ್‌ಬರ್ಗ್ ಕದನದ ಗಾಯಾಳುಗಳು ಬಂಡಿಬಂಡಿಯಾಗಿ ಬಂದಿಳಿದರು. ಕಲಿಸುವವರಿಲ್ಲದೆ, ಕಲಿಯುವ ಬಿಡುವೂ ಇಲ್ಲದೆ ಆಕೆ ಕೆಲಸಕ್ಕೆ ತೊಡಗಿದಳು. ಆರು ವಾರಗಳ ಒಳಗೇ ವಿಷಮಶೀತ ಜ್ವರ ತಗುಲಿ ಸಾವಿನ ದವಡೆಗೆ ಹೋಗಿ ಬಂದಳು. 1863ರಲ್ಲಿ ಆಕೆ ಪ್ರಕಟಿಸಿದ 'ಹಾಸ್ಪಿಟಲ್ ಸ್ಕೆಚಸ್' ಆ ಅನುಭವದ ಫಲ. ಕಲಿಯದ ಕೈಯಿಂದ ರೋಗಿಗೆ ಅಪಾಯ ಎನ್ನುತ್ತೇವೆ. ಕಲಿಸದೆ ಒಳಗೆ ಕಳುಹಿಸಿದರೆ ಆ ಕೈಗೂ ಅಪಾಯ ಎಂಬುದನ್ನು ಆಲ್ಕಾಟಳ ಬಾಳು ತೋರಿಸುತ್ತದೆ.

ಯುದ್ಧ ಮುಗಿದ ಮೇಲೆ ಶಾಲೆಗಳು ಬಂದವು. ಲಿಂಡಾ ರಿಚರ್ಡ್ಸ್ ಎಂಬ ತರುಣಿ ಮೊದಲು ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಅಲ್ಲಿ ದುಡಿಮೆ ಇತ್ತೇ ಹೊರತು ಪಾಠವಿರಲಿಲ್ಲ. ಸ್ತ್ರೀವೈದ್ಯರೇ ನಡೆಸುತ್ತಿದ್ದ ನ್ಯೂ ಇಂಗ್ಲೆಂಡ್ ಸ್ತ್ರೀಯರ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ 1872ರಲ್ಲಿ ಶಾಲೆ ತೆರೆದಾಗ ಆಕೆ ಮೊದಲ ವಿದ್ಯಾರ್ಥಿನಿಯಾಗಿ ಹೆಸರು ಬರೆಸಿದಳು. 1873ರಲ್ಲಿ ತೇರ್ಗಡೆಯಾಗಿ, ಅಮೆರಿಕದ ಮೊದಲ ತರಬೇತಿ ಪಡೆದ ದಾದಿ ಎಂಬ ಕೀರ್ತಿಗೆ ಪಾತ್ರಳಾದಳು. ಆಕೆ ವೃದ್ಧಾಪ್ಯದಲ್ಲಿ ಬರೆದ ನೆನಪುಗಳು ಓದಲು ಅರ್ಹವಾದವು. ಬೆಳಗಿನ ಐದೂವರೆಗೆ ಎದ್ದರೆ ರಾತ್ರಿ ಒಂಬತ್ತಕ್ಕೆ ವಾರ್ಡಿನಿಂದ ಬಿಡುಗಡೆ. ಮಲಗುವ ಕೋಣೆಗಳೂ ವಾರ್ಡುಗಳ ನಡುವೆಯೇ. ಪಠ್ಯಪುಸ್ತಕವಿಲ್ಲ, ಪ್ರವೇಶ ಪರೀಕ್ಷೆಯಿಲ್ಲ, ಕೊನೆಯ ಪರೀಕ್ಷೆಯೂ ಇಲ್ಲ. ಔಷಧಿಯ ಹೆಸರು ದಾದಿಯರಿಗೆ ತಿಳಿಯಬಾರದೆಂದು ಸೀಸೆಗಳ ಮೇಲೆ ಬರಿಯ ಅಂಕೆಗಳು. ತನ್ನ ಕೈಯಿಂದ ಕುಡಿಸಿದ ಮದ್ದು ಯಾವುದೆಂದೇ ತಿಳಿಯದೆ ಆಕೆ ಕಲಿತಳು! ಅದೇ ಲಿಂಡಾ ರಿಚರ್ಡ್ಸ್ ಮುಂದೆ ಇಂಗ್ಲೆಂಡಿಗೆ ಹೋಗಿ ನೈಟಿಂಗೇಲಳನ್ನು ಕಂಡು ಬಂದಳು. ಜಪಾನಿನ ಕ್ಯೋಟೊ ನಗರದಲ್ಲೂ ದಾದಿಯರ ಶಾಲೆಯನ್ನು ನಡೆಸಿದಳು.

ಇದೇ ಬಾಸ್ಟನ್ನಿನ ಆಸ್ಪತ್ರೆಯ ಇನ್ನೊಬ್ಬ ವಿದ್ಯಾರ್ಥಿನಿಯ ಕಥೆ ಇದಕ್ಕಿಂತ ಮನಮುಟ್ಟುವಂಥದು. ಮೇರಿ ಎಲೈಜಾ ಮಹೋನಿಯ ತಂದೆತಾಯಿಗಳು ಗುಲಾಮಗಿರಿಯಿಂದ ಬಿಡುಗಡೆ ಪಡೆದವರು. ಆಕೆ ಸುಮಾರು ಹದಿನೈದು ವರ್ಷ ಆ ಆಸ್ಪತ್ರೆಯಲ್ಲೇ ಅಡುಗೆಯವಳಾಗಿ, ಬಟ್ಟೆ ಒಗೆಯುವವಳಾಗಿ, ನೆಲ ಸಾರಿಸುವವಳಾಗಿ, ಸಮಯ ಬಿದ್ದಾಗ ದಾದಿಯರ ಕೈಯಾಳಾಗಿ ದುಡಿದಳು. 1878ರಲ್ಲಿ, ಮೂವತ್ತು ದಾಟಿದ ಮೇಲೆ, ಅದೇ ಆಸ್ಪತ್ರೆಯ ಶಾಲೆಗೆ ವಿದ್ಯಾರ್ಥಿನಿಯಾಗಿ ಸೇರಿದಳು. ಹದಿನಾರು ತಿಂಗಳ ಕಠಿಣ ಶಿಕ್ಷಣ. ಆಕೆಯೊಡನೆ ಸೇರಿದ ಹಲವರ ಪೈಕಿ ಕೊನೆಮುಟ್ಟಿದವರು ಬೆರಳೆಣಿಕೆಯಷ್ಟು. 1879ರಲ್ಲಿ ಮಹೋನಿ ತೇರ್ಗಡೆಯಾದಳು. ಅಮೆರಿಕದಲ್ಲಿ ವಿಧಿವತ್ತಾಗಿ ಶಿಕ್ಷಣ ಪಡೆದ ಮೊದಲ ಕಪ್ಪುವರ್ಣದ ದಾದಿ ಆಕೆಯೇ. ಶಾಲೆಗೆ ಮುಂಚೆ ಆಸ್ಪತ್ರೆಯನ್ನು ಒಳಗಿನಿಂದ ಅರಿಯುವುದೇ ಪೂರ್ವಸಿದ್ಧತೆಯಾದರೆ, ಅಂಥ ಸಿದ್ಧತೆ ಆಕೆಯಷ್ಟು ಇನ್ನಾರಿಗಿದ್ದೀತು? ಆದರೂ ಅದೇ ಕಟ್ಟಡದಲ್ಲಿ ಒಗೆತದ ಕೋಣೆಯಿಂದ ಪಾಠದ ಕೋಣೆಗೆ ನಡೆಯಲು ಆಕೆಗೆ ಹಿಡಿದದ್ದು ಹದಿನೈದು ವರ್ಷ.

ಅಲ್ಲಿಂದ ಮುಂದೆ ಶಾಲೆಗಳು ಮಳೆಗಾಲದ ಅಣಬೆಗಳಂತೆ ಎದ್ದವು. 1880ರಲ್ಲಿ ಅಮೆರಿಕದಲ್ಲಿ ಹದಿನೈದು ಶಾಲೆಗಳಿದ್ದವು. 1900ರ ಹೊತ್ತಿಗೆ 432. ವಿದ್ಯೆಯ ಮೇಲಿನ ಪ್ರೀತಿಯೊಂದೇ ಇದಕ್ಕೆ ಕಾರಣವಲ್ಲ. ಶಾಲೆ ತೆರೆದರೆ ವಾರ್ಡಿಗೆ ಅಗ್ಗದ ಕೈಗಳು ದೊರೆಯುತ್ತವೆಂಬ ಗುಟ್ಟು ಆಸ್ಪತ್ರೆಗಳಿಗೆ ತಿಳಿದುಹೋಗಿತ್ತು. ವಿದ್ಯಾರ್ಥಿನಿಯರೇ ಹಗಲಿರುಳು ಆಸ್ಪತ್ರೆಯನ್ನು ನಡೆಸುವರು; ಕಲಿತು ಮುಗಿಸಿದವಳನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವ ಬದಲು ಖಾಸಗಿ ಮನೆಗಳ ಚಾಕರಿಗೆ ಕಳುಹಿಸಿ ಹೊಸಬಳನ್ನು ಸೇರಿಸಿಕೊಳ್ಳುವರು. ಹೀಗೆ ರೋಗಿಗೆ ಸದಾಕಾಲವೂ ಅರೆಗಲಿತವರೇ ಗತಿ. ಕಲಿತವಳಿಗೆ ಆಸ್ಪತ್ರೆಯಲ್ಲಿ ಜಾಗವಿಲ್ಲ. ಬಾಗಿಲಲ್ಲಿ ಕೇಳುವ ಪ್ರಶ್ನೆ ಹೆಸರಿಗೆ ನಡತೆಯದು. ಒಳಗಿನ ಲೆಕ್ಕ ಗಟ್ಟಿ ಮೈಯದು.

ಇದನ್ನು ಕಂಡು ಕಳವಳಗೊಂಡವರು ದಾದಿಯರೇ. ಸೇಂಟ್ ಥಾಮಸಿನಲ್ಲಿ ಕಲಿತು ಸ್ಕಾಟ್‌ಲೆಂಡಿನ ಗ್ಲಾಸ್ಗೊ ರಾಯಲ್ ಇನ್‌ಫರ್ಮರಿಯ ಮೇಟ್ರನ್ ಆಗಿದ್ದ ರೆಬೆಕಾ ಸ್ಟ್ರಾಂಗ್, ಶಸ್ತ್ರವೈದ್ಯ ವಿಲಿಯಂ ಮೆಕ್ಯೂನನ ಬೆಂಬಲದಿಂದ 1893ರಲ್ಲಿ ಹೊಸ ಕ್ರಮವೊಂದನ್ನು ತಂದಳು. ಅಂಗರಚನೆ, ಶರೀರಕ್ರಿಯೆ, ಆರೋಗ್ಯಶಾಸ್ತ್ರಗಳನ್ನು ಮೊದಲು ತರಗತಿಯಲ್ಲಿ ಓದಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಆಮೇಲೆ ವಾರ್ಡಿಗೆ ಕಾಲಿಡುವುದು. ಎರಡೇ ವರ್ಷದಲ್ಲಿ ಲಂಡನ್ ಆಸ್ಪತ್ರೆಯೂ ಪೂರ್ವಸಿದ್ಧತೆಯ ಶಾಲೆಯನ್ನು ತೆರೆಯಿತು. 1901ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಅಡಿಲೇಡ್ ನಟಿಂಗ್ ಆರು ತಿಂಗಳ ಪೂರ್ವಪಾಠಗಳನ್ನು ಆರಂಭಿಸಿದಳು. 1907ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಶುಶ್ರೂಷೆಯ ಮೊದಲ ಪ್ರಾಧ್ಯಾಪಕಿಯಾದಳು. ಹೊರನೋಟಕ್ಕೆ ಇದು ಪಠ್ಯಕ್ರಮದ ಸಣ್ಣ ಬದಲಾವಣೆ. ನನ್ನ ಎಣಿಕೆಯಲ್ಲಿ ಇದೊಂದು ಕ್ರಾಂತಿ. ಹುಡುಗಿಗೆ ಮೊದಲು ಪೊರಕೆ ಕೊಡುವುದೋ ಪುಸ್ತಕ ಕೊಡುವುದೋ ಎಂಬ ಪ್ರಶ್ನೆಗೆ ಇಲ್ಲಿ ಮೊದಲ ಬಾರಿಗೆ ಪುಸ್ತಕ ಎಂಬ ಉತ್ತರ ಬಂದಿತು.

1923ರಲ್ಲಿ ಪ್ರಕಟವಾದ ಗೋಲ್ಡ್‌ಮಾರ್ಕ್ ವರದಿ ಈ ಅನ್ಯಾಯವನ್ನು ಅಧಿಕೃತವಾಗಿ ಎತ್ತಿ ತೋರಿತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಜೋಸೆಫೀನ್ ಗೋಲ್ಡ್‌ಮಾರ್ಕ್ ನಡೆಸಿದ ಆ ಸಮೀಕ್ಷೆಯ ಸಾರಾಂಶ ಇಷ್ಟು: ವಾರ್ಡಿನ ಅಗತ್ಯಕ್ಕೂ ವಿದ್ಯಾರ್ಥಿನಿಯ ಅಗತ್ಯಕ್ಕೂ ಘರ್ಷಣೆ ಬಂದಾಗ ಸೋಲುವುದು ಯಾವಾಗಲೂ ವಿದ್ಯಾರ್ಥಿನಿ. ಕಲಿಕೆಗೆ ಸಂಬಂಧಿಸದ ಚಾಕರಿಯನ್ನು ತೆಗೆದುಹಾಕಿದರೆ ಮೂರು ವರ್ಷದ ಶಿಕ್ಷಣವನ್ನು ಇಪ್ಪತ್ತೆಂಟು ತಿಂಗಳಲ್ಲಿ ಮುಗಿಸಬಹುದೆಂದು ವರದಿ ಸೂಚಿಸಿತು. ಅಂದರೆ ಹೆಚ್ಚುಕಡಿಮೆ ಎಂಟು ತಿಂಗಳ ದುಡಿಮೆ ಶಿಕ್ಷಣದ ವೇಷ ತೊಟ್ಟಿತ್ತು ಎಂದಾಯಿತು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯ ತನ್ನದೇ ನರ್ಸಿಂಗ್ ಶಾಲೆಯನ್ನು ತೆರೆಯಿತು.

ಎರಡನೆಯ ಮಹಾಯುದ್ಧದಲ್ಲಿ ದಾದಿಯರ ಕೊರತೆ ತಲೆದೋರಿದಾಗ 1943ರಲ್ಲಿ ಅಮೆರಿಕದ ಸರ್ಕಾರವೇ ಅರ್ಜಿ ಕರೆಯಿತು. ಕೆಡೆಟ್ ನರ್ಸ್ ದಳಕ್ಕೆ ಸೇರುವವಳಿಗೆ ಶುಲ್ಕವಿಲ್ಲ, ಸಮವಸ್ತ್ರ ಉಚಿತ; ಮೇಲೆ ತಿಂಗಳಿಗೆ ಮೊದಲು ಹದಿನೈದು ಡಾಲರು, ಆಮೇಲೆ ಇಪ್ಪತ್ತು. ವರ್ಣಭೇದ ಮಾಡಕೂಡದೆಂದು ಕಾನೂನೇ ಹೇಳಿತು. ಮೂವತ್ತು ತಿಂಗಳ ಓದು. ಅದರ ಕೊನೆಯ ಆರು ತಿಂಗಳು ಹಿರಿಯ ಕೆಡೆಟ್ ಆಗಿ ಕನಿಷ್ಠ ಮೂವತ್ತು ಡಾಲರು ಪಡೆದು ಆಸ್ಪತ್ರೆಯಲ್ಲಿ ಸೇವೆ. 1948ರಲ್ಲಿ ಯೋಜನೆ ಮುಗಿಯುವ ವೇಳೆಗೆ ಸುಮಾರು 1,24,000 ದಾದಿಯರು ಈ ದಾರಿಯಲ್ಲಿ ತೇರ್ಗಡೆಯಾಗಿದ್ದರು. ಕಲಿಯುವವಳ ದುಡಿಮೆಗೆ ಬೆಲೆಯಿದೆ, ಅದಕ್ಕೆ ಕಾಲಮಿತಿಯೂ ಇದೆ ಎಂಬುದನ್ನು ಸರ್ಕಾರವೊಂದು ಇಷ್ಟು ದೊಡ್ಡ ಪ್ರಮಾಣದಲ್ಲಿ ಒಪ್ಪಿದ್ದು ಗಮನಾರ್ಹ.

ಯುದ್ಧಾನಂತರ ಶಿಕ್ಷಣ ಮೆಲ್ಲಮೆಲ್ಲನೆ ಆಸ್ಪತ್ರೆಯಿಂದ ಕಾಲೇಜಿಗೆ ಸಾಗಿತು. ಆಗ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಪುಸ್ತಕ ಬಂದಿತು, ಕೈ ಪಳಗುವುದು ಕಡಿಮೆಯಾಯಿತು. ಪದವಿ ಪಡೆದು ಮೊದಲ ಬಾರಿಗೆ ಪೂರ್ಣ ಹೊಣೆ ಹೊತ್ತ ತರುಣಿಯರು ವಾರ್ಡಿನ ವಾಸ್ತವವನ್ನು ಕಂಡು ತತ್ತರಿಸುವುದನ್ನು ಮಾರ್ಲಿನ್ ಕ್ರೇಮರ್ 1974ರಲ್ಲಿ 'ರಿಯಾಲಿಟಿ ಷಾಕ್' ಎಂಬ ಗ್ರಂಥದಲ್ಲಿ ವಿವರಿಸಿದಳು. ದಡದ ಮೇಲೆ ಕುಳಿತು ಈಜಿನ ಶಾಸ್ತ್ರವನ್ನು ಎಷ್ಟು ಓದಿದರೇನು, ಒಂದು ದಿನ ನೀರಿಗೆ ಇಳಿಯಲೇಬೇಕಲ್ಲ! ಓದು ಮುಗಿಯುವ ಮುನ್ನವೇ, ಬಲ್ಲವರ ಕೈ ಹಿಡಿದು ನೀರಿಗಿಳಿಯುವ ಏರ್ಪಾಡೇ ಎಕ್ಸ್‌ಟರ್ನ್‌ಷಿಪ್. ಅಂದಿನ ಉಮೇದುವಾರಿಕೆಗೂ ಇದಕ್ಕೂ ಹೋಲಿಕೆ ಮೇಲುನೋಟದ್ದು. ಅಂದು ಅವಳಿಲ್ಲದೆ ವಾರ್ಡು ನಡೆಯುತ್ತಿರಲಿಲ್ಲ. ಇಂದು ಅವಳಿಲ್ಲದೆಯೂ ನಡೆಯಬೇಕು. ಅವಳು ಹೆಚ್ಚಿನ ಕೈಯಾಗಿ ಬಂದರೆ ಅದು ಕಲಿಕೆ. ಕೊರತೆ ತುಂಬುವ ಕೈಯಾಗಿ ಬಂದರೆ ಮತ್ತೆ ಹಳೆಯ ಕಥೆಯೇ.

ನಮ್ಮ ದೇಶಕ್ಕೂ ಈ ಚರಿತ್ರೆ ಹೊರತಲ್ಲ. 1871ರಲ್ಲಿ ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣ ಮೊದಲಾಯಿತು. 1946ರ ಭೋರ್ ಸಮಿತಿಯ ಲೆಕ್ಕದಂತೆ ಇಡೀ ಭಾರತದಲ್ಲಿ ಇದ್ದ ದಾದಿಯರು ಸುಮಾರು ಏಳು ಸಾವಿರ. 43,000 ಜನಕ್ಕೆ ಒಬ್ಬಳು. ಅದೇ ವರ್ಷ ದೆಹಲಿಯಲ್ಲೂ ವೆಲ್ಲೂರಿನಲ್ಲೂ ಪದವಿ ಶಿಕ್ಷಣ ಆರಂಭವಾಯಿತು; 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂದಿತು. ಇಂದು ಕರ್ನಾಟಕದ ಎಷ್ಟೋ ಊರುಗಳಲ್ಲಿ ನರ್ಸಿಂಗ್ ಕಾಲೇಜುಗಳಿವೆ. ಅಲ್ಲಿ ಕಲಿತವರಲ್ಲಿ ಹಲವರು ಎನ್‌ಕ್ಲೆಕ್ಸ್ ಪರೀಕ್ಷೆ ಬರೆದು ಅಮೆರಿಕದ ವಾರ್ಡುಗಳನ್ನೂ ಸೇರುತ್ತಾರೆ. ಅರ್ಜಿ ತುಂಬುವ ನಮ್ಮ ಹೆಣ್ಣುಮಕ್ಕಳ, ಈಗ ಗಂಡುಮಕ್ಕಳ, ಹಿಂದೆಯೂ ಈ ಉದ್ದನೆಯ ಸಾಲು ನಿಂತಿದೆ.

ಬಾಗಿಲಲ್ಲಿ ಕೇಳುವ ಪ್ರಶ್ನೆಗಳು ಬದಲಾದುದನ್ನು ನೋಡಿದೆವು. ಒಮ್ಮೆ ನಡತೆ, ಒಮ್ಮೆ ರೂಪ, ಒಮ್ಮೆ ಮೈಕಟ್ಟು, ಈಗ ಅಂಕ. ಇವೆಲ್ಲ ಸಂಸ್ಥೆ ಹುಡುಗಿಯನ್ನು ಕೇಳಿದ ಪ್ರಶ್ನೆಗಳು. ಹುಡುಗಿ ಸಂಸ್ಥೆಯನ್ನು ಕೇಳಬೇಕಾದ ಪ್ರಶ್ನೆಗೆ ಅರ್ಜಿಯ ನಮೂನೆಯಲ್ಲಿ ಜಾಗವನ್ನೇ ಬಿಟ್ಟಿಲ್ಲ. ನನಗೆ ಕಲಿಸುವವರು ಯಾರು? ನನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದರೆ ಗದರುವವರೋ ತಿದ್ದುವವರೋ? ರಾತ್ರಿಯ ಪಾಳಿಯಲ್ಲಿ ನನ್ನ ಪಕ್ಕದಲ್ಲಿ ಬಲ್ಲವರೊಬ್ಬರು ಇರುವರೆ? ಇವು ಅವಳ ಸ್ವಂತದ ಪ್ರಶ್ನೆಗಳಷ್ಟೇ ಅಲ್ಲ. ಜ್ವರದಲ್ಲಿ ಕಣ್ಣುಮುಚ್ಚಿ ಮಲಗಿರುವ, ಯಾರನ್ನೂ ಏನನ್ನೂ ಕೇಳಲಾರದ ರೋಗಿಯ ಪರವಾಗಿ ಕೇಳುವ ಪ್ರಶ್ನೆಗಳು. ಅರ್ಜಿದಾರಳು ಧೈರ್ಯವಾಗಿ ಇವನ್ನು ಕೇಳುವ, ಆಸ್ಪತ್ರೆ ಮುನಿಸಿಲ್ಲದೆ ಉತ್ತರಿಸುವ ದಿನ, ರೆಬೆಕಾ ಸ್ಟ್ರಾಂಗ್ ತೊಡಗಿದ ಕೆಲಸ ಪೂರ್ತಿಯಾಯಿತೆಂದು ತಿಳಿಯಬಹುದು.